ಹಾಗಲಕಾಯಿಗೆ ರೇಷ್ಮೆ ನೂಲು

ನಮ್ಮ ಮಾವನಿಗೆ ಹಾಗಲಕಾಯಿ ಆಗುವುದಿಲ್ಲ. ಮಾಗಡಿ ಕಡೆಯಿಂದ ರಾಮನಗರದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ನಾನು ಹಾಗಲಕಾಯಿ ಗೊಜ್ಜು ಮಾಡಿದ್ದೆ. ಅವರು ಬೈಯಲಿಲ್ಲ. ಬೆರಳಿನಿಂದ ಒಂದೊಂದೇ ಹೋಳನ್ನು ತಟ್ಟೆಯ ಅಂಚಿಗೆ ತಳ್ಳಿ ಸಾಲಾಗಿ ಜೋಡಿಸಿದರು, ಅಷ್ಟೆ. ಎಷ್ಟೋ ವರ್ಷದ ಮೇಲೆ ಎರಡು ಕಣ್ಣಿಗೂ ಪೊರೆ ಬಂದು ತಟ್ಟೆಯೇ ಸರಿಯಾಗಿ ಕಾಣದಂತಾಯಿತು. ಆಗಲೂ ಆ ಸಾಲು ಕೆಡಲಿಲ್ಲ.

ಮಾವ ನೂಲು ಬಿಚ್ಚುವವರು. ರೇಷ್ಮೆಗೂಡನ್ನು ಬಿಸಿನೀರಲ್ಲಿ ಬೇಯಿಸಿ, ಎಳೆಯ ತುದಿ ಹಿಡಿದು ನೂಲು ತೆಗೆಯುವುದಕ್ಕೆ ನಮ್ಮಲ್ಲಿ ಬಿಚ್ಚುವುದು ಎಂದೇ ಹೇಳುತ್ತಾರೆ. ತುದಿ ಕಾಣದೆ ಹೋದ ದಿನ ಅವರು ಮೆಷಿನ್ ನಿಲ್ಲಿಸಿ ಜಗಲಿಗೆ ಬಂದು ಕುಳಿತರು. ಕುಳಿತವರು ಮಾತು ಬಿಟ್ಟರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ದಿನಾ ಬೈದಿದ್ದರೂ ಅದಕ್ಕಿಂತ ವಾಸಿಯಿತ್ತು.

ಕಣ್ಣಿನ ಡಾಕ್ಟರು ಪೊರೆ ತೆಗೆಯಲು ಒಪ್ಪಲಿಲ್ಲ. ಮೊದಲು ಶುಗರ್ ಇಳಿಯಲಿ, ಎರಡು ತಿಂಗಳು ಬಿಟ್ಟು ಬನ್ನಿ, ಇಳಿಯದಿದ್ದರೆ ನಾನು ಕಣ್ಣು ಮುಟ್ಟುವುದಿಲ್ಲ ಎಂದರು. ಮನೆಯಲ್ಲಿ ಮುದ್ದೆ ಚಿಕ್ಕದಾಯಿತು, ಅನ್ನ ಒಂದು ಸೌಟಿಗೆ ಇಳಿಯಿತು, ಮಾತ್ರೆ ತಪ್ಪದೆ ಹೊಟ್ಟೆಗೆ ಹೋಯಿತು. ತರಕಾರಿ ಜಾಸ್ತಿ ಕೊಡಿ, ಹಾಗಲಕಾಯಿ ಬಹಳ ಒಳ್ಳೆಯದು ಎಂದೂ ಡಾಕ್ಟರು ಹೇಳಿದ್ದರು. ಹೇಳುವವರಿಗೇನು, ಅವರು ನಮ್ಮ ಮಾವನ ಎದುರು ತಟ್ಟೆ ಇಟ್ಟವರಲ್ಲ.

ನನ್ನ ಗಂಡ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಬಿಹಾರದ ಗೆಳೆಯನೊಬ್ಬನ ಜೊತೆ ಆಗಾಗ ಊಟದ ಡಬ್ಬಿ ಅದಲುಬದಲು ಮಾಡಿಕೊಳ್ಳುತ್ತಾರೆ. ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ, "ಅಮ್ಮಿ, ಇವತ್ತು ಮಸಾಲೆ ತುಂಬಿದ ಆಗಲಕಾಯಿ ತಿಂದೆ, ಏನ್ ರುಚಿ ಅಂತೀಯಾ!" ಎಂದರು. ನಾನು ಹತ್ತು ವರ್ಷ ಮಾಡಿ ಹಾಕಿದ ಹಾಗಲಕಾಯಿ ತಿಂದು ಸುಮ್ಮನೆ ಬಾಯಿ ಒರೆಸಿಕೊಂಡ ಮನುಷ್ಯ ಇವರೇ. ಆ ಸಿಟ್ಟನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟು, ಮಾಡುವುದು ಹೇಗೆಂದು ಕೇಳಿಸಿದೆ. ಗೆಳೆಯನ ಹೆಂಡತಿ ಹಿಂದಿಯಲ್ಲಿ ಹೇಳಿ ಕಳಿಸಿದ್ದನ್ನು ಇವರು ಫೋನಿನಲ್ಲಿ ಕೇಳಿಸಿಕೊಂಡು ಕನ್ನಡ ಮಾಡಿದರು. ತಿಳಿಯದ ಕಡೆ "ಅದೇನೋ ಒಸಿ ಆಕ್ಬೇಕಂತೆ" ಎಂದು ಮುಂದೆ ಹೋದರು.

ಶನಿವಾರ ಎಳೆಯ ಕಾಯಿ ತಂದೆ. ಮೇಲಿನ ಮುಳ್ಳು ಹೆರೆದು, ಉದ್ದಕ್ಕೆ ಒಂದೇ ಕಡೆ ಸೀಳಿ, ಬೀಜ ತೆಗೆದು, ಉಪ್ಪು ಸವರಿ ಇಟ್ಟು, ಆಮೇಲೆ ತೊಳೆದು ಹಿಂಡಿದೆ. ಹುರಿದ ಕಡಲೆಹಿಟ್ಟಿಗೆ ಈರುಳ್ಳಿ, ಸೋಂಪಿನ ಪುಡಿ, ಕೊತ್ತಂಬರಿ ಪುಡಿ, ಖಾರ, ಅರಿಶಿನ, ಒಣಮಾವಿನ ಪುಡಿ ಕಲಸಿ ತುಂಬಿದೆ. ಎಣ್ಣೆಯಲ್ಲಿ ಕರಿಯುವಂತಿಲ್ಲ, ಎರಡು ಚಮಚ ಎಣ್ಣೆ ಹಾಕಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಹೂರಣ ಈಚೆಗೆ ಬಾರದಂತೆ ಕಾಯಿಗೆ ದಾರ ಸುತ್ತಬೇಕು.

ಹೂ ಕಟ್ಟುವ ದಾರ ಮುಗಿದಿತ್ತು. ಹೊಲಿಗೆ ದಾರವೆಂದರೆ ಮನೆಯಲ್ಲಿ ಇದ್ದದ್ದು ಕೆಂಪು ಒಂದೇ, ಅದು ಬಣ್ಣ ಬಿಡುತ್ತದೆ. ಬೀರುವಿನಲ್ಲಿ ರೇಷ್ಮೆ ನೂಲಿನ ಒಂದು ಲಡಿ ಇತ್ತು. ಮಾವ ಮೆಷಿನ್ ನಿಲ್ಲಿಸುವ ಮೊದಲು ಬಿಚ್ಚಿದ ಕೊನೆಯ ನೂಲು. ಯಾಕೆ ಇಟ್ಟುಕೊಂಡಿದ್ದಾರೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳದೆ ತೆಗೆದುಕೊಂಡೆ.

ಅತ್ತೆ ಅಡುಗೆಮನೆಗೆ ಬಂದು ನೋಡಿ ಗಲ್ಲಕ್ಕೆ ಕೈಯಿಟ್ಟರು.

"ಶನಿವಾರ ಕಣವ್ವ. ಉಳ ಬೇಯ್ಸಿ ತೆಗ್ದಿರೋ ನೂಲು ಅದು. ಒಲೆ ಮ್ಯಾಲೆ ಇಡ್ತೀಯಾ?"

"ಪೂಜೆಗೆ ಮಡಿ ಅಂತ ನೀವು ಉಟ್ಕೊಳೋ ಸೀರೆ ಯಾವ್ದು ಅತ್ತೆ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಉಟ್ಕೊಳೋದು ಬ್ಯಾರೆ, ತಿನ್ನೋದು ಬ್ಯಾರೆ."

"ದಾರ ಯಾರು ತಿಂತಾರೆ? ಬಿಚ್ಚಿ ಬಿಸಾಕೋದು."

ಅತ್ತೆ ಅವತ್ತು ಉಪ್ಪಿನಕಾಯಿಯಲ್ಲೇ ಊಟ ಮುಗಿಸಿದರು.

ಮಾವನಿಗೆ ತಟ್ಟೆ ಇಟ್ಟೆ. ವಾಸನೆಗೇ ಮುಖ ಗಂಟಿಕ್ಕಿ, ತಳ್ಳಲು ಬೆರಳು ಚಾಚಿದರು. ಬೆರಳು ಕಾಯಿಯ ಮೇಲೆ ನಿಂತಿತು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಯಾರವ್ವ ಕಟ್ಟಿದ್ದು?"

"ನಾನೇ ಮಾವ."

"ನೂಲು ನಂದಲ್ವಾ?"

ಹೌದು ಎಂದೆ. ಮಾವ ಕಾಯಿಯನ್ನು ಕೈಗೆತ್ತಿಕೊಂಡು ತಿರುಗಿಸಿದರು. ಕೂದಲಿಗಿಂತ ಸಣ್ಣ ನೂಲು, ಹನ್ನೆರಡು ಸುತ್ತು, ಮಸಾಲೆಯಲ್ಲಿ ಅಂಟಿಕೊಂಡಿತ್ತು. ತುದಿ ಎಲ್ಲಿದೆ ಎಂದು ಕಟ್ಟಿದ ನನಗೇ ಗೊತ್ತಿರಲಿಲ್ಲ. ಅವರ ಉಗುರು ಎರಡು ಸಲ ಆ ಕಡೆ ಈ ಕಡೆ ಓಡಾಡಿ ಒಂದು ಕಡೆ ನಿಂತಿತು. ಆಮೇಲೆ ನೂಲು ಎಲ್ಲೂ ತುಂಡಾಗದೆ ಬಿಚ್ಚಿಕೊಂಡು ಬಂತು.

"ಸಿಕ್ತು," ಎಂದರು. ನೂಲನ್ನು ತೋರುಬೆರಳಿಗೆ ಸುತ್ತಿ ಪಕ್ಕಕ್ಕಿಟ್ಟು, ಕಾಯಿಯನ್ನು ಬಾಯಿಗಿಟ್ಟರು. ಪೂರ್ತಿ ಅಗಿದ ಮೇಲೆ ಹೇಳಿದರು: "ಗಂಟು ಆಕ್ಬ್ಯಾಡ. ತುದೀನ ಒಳಿಕ್ಕೆ ಸಿಕ್ಸು. ಇನ್ನೊಂದು ಆಕು."

ಅಡುಗೆಯ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಜಗಲಿಗೆ ಹೋಗಿ ಕುಳಿತ ಮೇಲೂ ಅತ್ತೆಗೆ ನೂಲು ಕಟ್ಟುವ ಬಗೆ ವಿವರಿಸುತ್ತಿದ್ದರು. ಅವರ ದನಿ ಒಳಗಿನವರೆಗೂ ಕೇಳಿಸುತ್ತಿತ್ತು. ಪಾತ್ರೆ ತೊಳೆಯುತ್ತಾ ನಾನು ಅತ್ತುಬಿಟ್ಟೆ.

ಅಲ್ಲಿಂದ ವಾರಕ್ಕೆ ಮೂರು ಸಲ ಅದೇ ನಡೆಯಿತು. ಒಮ್ಮೆ ನೂಲು ಉಳಿಸೋಣವೆಂದು ಹಲ್ಲುಕಡ್ಡಿ ಚುಚ್ಚಿ ಬೇಯಿಸಿದೆ. ಎರಡು ಕಾಯಿಯೂ ತಟ್ಟೆಯ ಅಂಚಿಗೆ ಹೋಗಿ ಸಾಲಾಗಿ ನಿಂತವು. ಮುಂದಿನ ಸಲದಿಂದ ಮತ್ತೆ ಲಡಿ ತೆಗೆದೆ.

ಎರಡು ತಿಂಗಳಿಗೆ ಶುಗರ್ ಇಳಿದಿತ್ತು. ಡಾಕ್ಟರು ತಮ್ಮ ಮಾತ್ರೆ ಎಂದರು. ಅತ್ತೆ ಮನೆದೇವರು ಎಂದರು. ನನ್ನ ಗಂಡ ತಮ್ಮ ಊಟದ ಡಬ್ಬಿ ಎಂದರು. ನಾನು ಮಧ್ಯಾಹ್ನದ ಅಡುಗೆ ನೋಡಲು ಹೋದೆ. ಮಾವನ ಬಲಗಣ್ಣಿನ ಪೊರೆ ತೆಗೆದರು.

ಕಟ್ಟು ಬಿಚ್ಚಿದ ಮಾರನೆಯ ದಿನ ಊಟಕ್ಕೆ ಕುಳಿತರು. ಗೋಡೆ ನೋಡಿದರು, ನನ್ನನ್ನು ನೋಡಿ, "ಸಣ್ಣಗಾಗೋಗಿದ್ದೀಯಲ್ಲವ್ವ" ಎಂದರು. ಆಮೇಲೆ ತಟ್ಟೆ ನೋಡಿದರು. ಸುಕ್ಕುಗಟ್ಟಿ ಅಲ್ಲಲ್ಲಿ ಸೀದ ಕಾಯಿ, ಮೈತುಂಬ ಹಳದಿ ನೂಲು. ಬಹಳ ಹೊತ್ತು ನೋಡಿದರು.

"ಎಲ್ಡು ತಿಂಗ್ಳಿಂದ ನಾನು ತಿಂತಿದ್ದದ್ದು ಇದಾ?"

"ಹೂಂ ಮಾವ."

"ಕಂಡಿದ್ರೆ ಮುಟ್ತಿರ್ಲಿಲ್ಲ ಕಣವ್ವ."

ಬೆರಳು ಕಾಯಿಯ ಹತ್ತಿರ ಹೋಯಿತು. ಇನ್ನೇನು ಅಂಚಿಗೆ ತಳ್ಳುತ್ತಾರೆ ಎಂದುಕೊಂಡೆ. ಎಡಗಣ್ಣಿನ ಆಪರೇಷನ್ ಇನ್ನೂ ಬಾಕಿಯಿತ್ತು, ಅದಕ್ಕೂ ಶುಗರ್ ಏರದೆ ಇರಬೇಕಿತ್ತು. ಮಾವ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಕಾಯಿಯನ್ನು ಕೈಗೆ ತೆಗೆದುಕೊಂಡು, ಎರಡೂ ಕಣ್ಣು ಮುಚ್ಚಿಕೊಂಡು, ಎಳೆಯ ತುದಿ ಹುಡುಕತೊಡಗಿದರು.