ಖಾಲಿ ತಾರೀಕಿನವರು ಮೊದಲು

ವರ್ಕಾಡಿಯ ಬಸ್ ಸ್ಟಾಪಿನಲ್ಲಿ ಬೀಡಿಯ ಚೀಲ ಹಿಡಿದಿದ್ದ ಹೆಂಗಸೊಬ್ಬಳು ನನ್ನನ್ನು ತಡೆದಳು. "ಟೀಚರ್, ನಮ್ಮ ಅಮ್ಮನ ಹೆಸರು ಕೊಟ್ಟು ಎರಡು ತಿಂಗಳಾಯ್ತು. ನಿಮ್ಮ ಜೀಪು ನಮ್ಮ ಗೇಟಿನ ಎದುರೇ ಹೋಗ್ತದೆ, ನಿಲ್ಲುವುದೇ ಇಲ್ಲ. ಬೆನ್ನಿನ ಹುಣ್ಣು ದೊಡ್ಡದಾಗ್ತಾ ಉಂಟು."

ರಿಟೈರ್ ಆದ ಮೇಲೆ ನಾನು ಪಾಲಿಯೇಟಿವ್ ಕ್ಲಿನಿಕ್ಕಿನ ವಾಲಂಟಿಯರ್; ಹಾಸಿಗೆ ಹಿಡಿದವರ ಮನೆಗೆ ನರ್ಸಿನ ಜೊತೆ ಹೋಗುವವಳು. ಯಾವತ್ತು ಯಾರ ಮನೆಗೆ ಎಂಬುದನ್ನು ಒಂದು ಆ್ಯಪ್ ಹೇಳುತ್ತದೆ. ಅದನ್ನು ಪುಕ್ಕಟೆ ಮಾಡಿಕೊಟ್ಟದ್ದು ನಮ್ಮ ಪಕ್ಕದ ಮನೆಯ ಸೊಸೆ. ಬಸ್ಸಿಳಿದು ನೇರ ಅವಳಲ್ಲಿಗೇ ಹೋದೆ.

ಲ್ಯಾಪ್‌ಟಾಪ್ ನೋಡಿ ಅವಳು ನಾಲಿಗೆ ಕಚ್ಚಿಕೊಂಡಳು. ಕಳೆದ ಭೇಟಿಯ ತಾರೀಕಿಗೆ ಹದಿನೈದು ದಿನ ದಾಟಿದವರನ್ನು ಮಾತ್ರ ಆ್ಯಪ್ ತೋರಿಸುತ್ತದಂತೆ. ಈ ಅಮ್ಮನನ್ನು ಒಮ್ಮೆಯೂ ನೋಡಿಲ್ಲ, ತಾರೀಕಿನ ಜಾಗ ಖಾಲಿ. ಖಾಲಿಯನ್ನು ಯಾವ ದಿನದ ಜೊತೆ ಹೋಲಿಸಿದರೂ ಕಂಪ್ಯೂಟರ್ ಹೌದು ಎನ್ನುವುದಿಲ್ಲ. ಯಾರೂ ನೋಡದವಳು ಅಲ್ಲಿಯೂ ಕಾಣದೆ ಹೋಗಿದ್ದಳು.

"ಅಷ್ಟೇ ಅಲ್ವಾ ಟೀಚರ್? ಖಾಲಿ ಇದ್ದಲ್ಲಿ ಇವತ್ತಿನ ಡೇಟ್ ಹಾಕಿಬಿಡ್ತೇನೆ."

"ಹಾಕಿದ್ರೆ ಇವತ್ತು ನೋಡಿ ಬಂದ ಹಾಗೆ ಆಗ್ತದಲ್ಲ ಮಾರಾಯ್ತಿ! ಮತ್ತೆ ಹದಿನೈದು ದಿನ ಯಾರೂ ಹೋಗುವುದಿಲ್ಲ."

"ಹಾಗಾದ್ರೆ ಸಾವಿರದ ಒಂಬೈನೂರ ಎಪ್ಪತ್ತು ಹಾಕುವಾ. ಹಳೇದು, ಮೇಲೆ ಬರ್ತಾರೆ."

"ಆಗ ನಾನು ಜಡೆಗೆ ರಿಬ್ಬನ್ ಕಟ್ಟಿಕೊಂಡು ಕಾನ್ವೆಂಟಿಗೆ ಹೋಗ್ತಿದ್ದೆ. ಆಗ ಅವರನ್ನು ಹೋಗಿ ನೋಡಿದ್ದು ಯಾರು, ನಾನಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. "ನೆವರ್ ಲೀವ್ ಎ ಬ್ಲ್ಯಾಂಕ್, ಚೈಲ್ಡ್," ಎಂದು ಪರೀಕ್ಷೆಯ ಹಾಲಿನಲ್ಲಿ ನಮ್ಮ ಕಾನ್ವೆಂಟಿನ ಮದರ್ ಮೆತ್ತಗೆ ಹೇಳುತ್ತ ಹೋಗುತ್ತಿದ್ದರು. ಆ ಸ್ವರಕ್ಕಾಗಿ ಈಗಲೂ ಜೀವ ಹಂಬಲಿಸುತ್ತದೆ. ಆದರೆ ಆ ದಿನ ಅವರ ಮಾತು ಕೇಳುವ ಹಾಗಿರಲಿಲ್ಲ.

"ಬ್ಲ್ಯಾಂಕ್ ಬ್ಲ್ಯಾಂಕಾಗಿಯೇ ಇರಲಿ. ಸುಳ್ಳು ತಾರೀಕು ಬೇಡ. ಬ್ಲ್ಯಾಂಕ್ ಇದ್ದವರು ಎಲ್ಲರಿಗಿಂತ ಮೊದಲು ಬರಬೇಕು. ಅದು ಆಗುವ ತನಕ ನಾನು ಈ ಕುರ್ಚಿಯಿಂದ ಏಳುವುದಿಲ್ಲ."

"ಚಾ ಮಾಡ್ಲಾ ಹಾಗಾದ್ರೆ?"

"ಮೊದಲು ಇದು."

ಅವಳು ಟೈಪ್ ಮಾಡಿದಳು. ಪರದೆ ಒಮ್ಮೆ ಮಿನುಗಿ, ಬೀಡಿ ಕಟ್ಟುವವಳ ಅಮ್ಮನ ಹೆಸರು ಎಲ್ಲರಿಗಿಂತ ಮೇಲೆ ಬಂತು. ಅದರ ಕೆಳಗೆ, ತಾರೀಕಿಲ್ಲದೆ, ನಾನು ಕೇಳಿಯೇ ಇರದ ಇನ್ನೂ ಎರಡು ಹೆಸರು. ನಾನು ನರ್ಸಿಗೆ ಫೋನ್ ಮಾಡಿದೆ.

"ಜೀಪು ಹೊರಡಿಸಿ ಸಿಸ್ಟರ್. ಮೂರು ಮನೆ ಉಂಟು."

"ಈಗಲಾ? ಊಟ ಆಗ್ಲಿಲ್ಲ ಟೀಚರ್."

"ನನಗೂ ಆಗ್ಲಿಲ್ಲ."

ಮೊದಲ ಮನೆಯಲ್ಲಿ ಸಿಸ್ಟರ್ ಹುಣ್ಣು ತೊಳೆದು ಬ್ಯಾಂಡೇಜು ಹಾಕುವಷ್ಟು ಹೊತ್ತೂ ಆ ಅಮ್ಮ ನನ್ನ ಬೆರಳು ಬಿಡಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಮೆಲ್ಲಗೆ ಬೆರಳು ಬಿಡಿಸಿಕೊಂಡು ಎದ್ದೆ. ಇನ್ನೂ ಎರಡು ಮನೆ ಬಾಕಿ ಇತ್ತು.