ಚಿಕ್ಕತಾಯಮ್ಮನ ಕಾನೂನು
ಆಫೀಸಿನಲ್ಲಿ ದಿನವಿಡೀ ಸುಳ್ಳು ಹೇಳುವ ಬಾಡಿಗೆದಾರ ಸಂಗಮೇಶ, ಮನೆಯ ತಾರಸಿಯಲ್ಲಿ ವಾರವಾರ ನಡೆಯುವ ಕಳ್ಳ-ಪೊಲೀಸ್ ಆಟದಲ್ಲಿ ಸುಳ್ಳಾಡಬಾರದೆಂದುಕೊಂಡು, ಮೊದಲ ಭಾನುವಾರ ಕಳ್ಳನ ಕಾರ್ಡ್ ಬಂದ ಕೂಡಲೇ ಎದ್ದುನಿಂತು ಒಪ್ಪಿಕೊಂಡಿದ್ದ. "ನಿನ್ನ ಕಂಡುಹಿಡಿಯೋದೇ ಆಟ ಕಣೋ, ಪೆದ್ದು!" ಎಂದು ಓನರ್ ಚಿಕ್ಕತಾಯಮ್ಮ ಕಾರ್ಡುಗಳನ್ನು ಮತ್ತೆ ಕಲಸಿದ್ದರು. ಜರಗನಹಳ್ಳಿಯ ಆ ತಾರಸಿಯಲ್ಲಿ ಅವರದೇ ಕೋರ್ಟು. ಕನ್ನಡಕದವರು ಕಾರ್ಡನ್ನು ಮಡಿಲಲ್ಲೇ ನೋಡಬೇಕು, ಗಾಜಿನಲ್ಲಿ ಕಾಣುತ್ತದಂತೆ. ಔಟಾದವರು ಕೆಮ್ಮಿದರೂ ಅದು ಸನ್ನೆಯೇ. ಸುಳ್ಳು ಎಷ್ಟಾದರೂ ಹೇಳಬಹುದು, ಆಣೆ ಮಾತ್ರ ಇಡುವಂತಿಲ್ಲ. ಈ ವಾರ ಮತ್ತೆ ಕಳ್ಳನಾದ ಸಂಗಮೇಶ, ಸಿಕ್ಕಿಬೀಳುವ ಗಳಿಗೆಯಲ್ಲಿ "ನಮ್ಮವ್ವನಾಣಿ, ನಾ ಅಲ್ರೀ ಆಂಟಿ" ಅಂದುಬಿಟ್ಟ. ಚಿಕ್ಕತಾಯಮ್ಮನ ಮುಖ ಬಿಗಿಯಿತು. "ಆಣಿ ಮಾಡಿ ನಿಮಗ ಯಾರರ ಮೋಸ ಮಾಡ್ಯಾರೇನ್ರಿ?" ಎಂದು ಅವನು ಮೆಲ್ಲಗೆ ಕೇಳಿದ. "ನಮ್ಮಣ್ಣ. ಅಮ್ಮನಾಣೆ ನಿನ್ ಪಾಲು ಕೊಡ್ತೀನಿ ಅಂದ, ಜಮೀನ್ ಪತ್ರಕ್ಕೆ ಸೈನ್ ಹಾಕ್ಬಿಟ್ಟೆ. ನೀನ್ ಔಟು, ಏಳು."