ಚೊಚ್ಚಲ ಹೆರಿಗೆ ತವರಿನಲ್ಲೇ

ಅಣ್ಣ ಫೋನ್ ಮಾಡಿದಾಗ ನಾನು ನಾಯಿಗೆ ಹಾಸಿಗೆ ಹೊಲಿಯುತ್ತಾ ಕೂತಿದ್ದೆ. ನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಅವತ್ತು ಗಿರಾಕಿಗಳ ಬ್ಲೌಸುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಎರಡು ಹಳೇ ಕಾಟನ್ ಸೀರೆಗಳನ್ನು ಮಡಿಚಿ ಮಿಷನ್‌ಗೆ ಕೊಟ್ಟಿದ್ದೆ. ನಾಯಿ ಕಾಲಬುಡದಲ್ಲೇ ಹೊಟ್ಟೆ ಹರಡಿಕೊಂಡು ಮಲಗಿತ್ತು.

"ಸೋಮವಾರ ಬಂದು ಒಂದು ಸೈನ್ ಹಾಕ್ಬುಟ್ಟು ಹೋಗವ್ವ. ಅರ್ಧ ಗಂಟೆ ಕೆಲ್ಸ ಅಷ್ಟೇ. ಊಟದ ಹೊತ್ತಿಗೆ ಮುಂಚೆ ಬಸ್ ಹತ್ತುಸ್ಬುಡ್ತೀನಿ," ಅಂದ.

ಸೈನ್ ಹಾಕಬೇಕಾದದ್ದು ನಂಜನಗೂಡಿನಲ್ಲಿ ಅಪ್ಪ ಕಟ್ಟಿಸಿದ ಮನೆಯ ಪತ್ರಕ್ಕೆ. ಅಪ್ಪ ಹೋಗಿ ಎಂಟು ವರ್ಷವಾಯಿತು, ಅವ್ವ ಹೋಗಿ ಒಂದೂವರೆ ವರ್ಷ. ನನಗೆ ಪಾಲು ಬೇಡ ಎಂದು ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದರೆ ಅಣ್ಣ ಆ ಮನೆ ಒಡೆದು ಮೂರಂತಸ್ತು ಎಬ್ಬಿಸಿ, ತಾಂಡ್ಯದ ಫ್ಯಾಕ್ಟರಿ ಕೆಲಸಗಾರರಿಗೆ ಬಾಡಿಗೆಗೆ ಬಿಡಬಹುದು. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆ ಸೈನ್ ಹಾಕುವುದು ವಾಡಿಕೆ. ಒಂದು ಸೀರೆ ಕೊಡುತ್ತಾರೆ, ಅರಿಶಿನ ಕುಂಕುಮ ಕೊಡುತ್ತಾರೆ, ನಗುನಗುತ್ತಾ ಹಾಕಿ ಬರಬೇಕು. ಹಾಕದವಳು ಗಯ್ಯಾಳಿ. ನನಗೆ ಪಾಲಿನ ಆಸೆ ಇರಲಿಲ್ಲ ಎಂದು ಬರೆದು ದೊಡ್ಡತನ ತೋರಿಸುವ ಇರಾದೆ ಇಲ್ಲ. ಆಸೆ ಇತ್ತು. ಆದರೆ ಅವತ್ತು ನನ್ನ ಮೈ ಉರಿಸಿದ್ದು ಪಾಲಲ್ಲ, ಊಟಕ್ಕೆ ಮುಂಚೆ ಬಸ್ ಹತ್ತಿಸುತ್ತೇನೆ ಎಂದ ಮಾತು. ಹುಟ್ಟಿದ ಮನೆಯನ್ನು ಬರೆದುಕೊಟ್ಟು ಬರುವವಳಿಗೆ ಒಂದು ತುತ್ತು ಅನ್ನವೂ ಇಲ್ಲವೇ?

"ಬರ್ತೀನಣ್ಣ. ಸೋಮವಾರ ಯಾಕೆ, ಗುರುವಾರಾನೇ ಬರ್ತೀನಿ," ಅಂದೆ. "ಹೋಗೋದು ಯಾವಾಗ ಅಂತ ಮಾತ್ರ ಹೇಳಕ್ಕಾಗಲ್ಲ. ಚೊಚ್ಚಲ ಹೆರಿಗೆ. ತವರಲ್ಲೇ ಆಗ್ಬೇಕು."

ನನಗೆ ಐವತ್ತು ತುಂಬಿದೆ, ಮಗಳಿಗೆ ಇನ್ನೂ ಮದುವೆಯಾಗಿಲ್ಲ. ಪಾಪ, ಅವನ ಎದೆ ಧಸಕ್ಕೆಂದಿರಬೇಕು.

"ಯಾರ್ದೇ ಹೆರಿಗೆ?"

"ನಾಯಿದು," ಎಂದು ಫೋನಿಟ್ಟೆ.

ತಮಾಷೆಗೆ ಹೇಳಿದ್ದಲ್ಲ. ಈ ನಾಯಿ ಹುಟ್ಟಿದ್ದು ನಂಜನಗೂಡಿನ ಮನೆಯಲ್ಲೇ, ಅವ್ವ ಸಾಕಿದ್ದ ನಾಯಿಯ ಹೊಟ್ಟೆಯಲ್ಲಿ. ಮೂರು ವರ್ಷದ ಹಿಂದೆ ನಾನು ಹೊರಟು ನಿಂತಾಗ ಅವ್ವ ಮಡಿಲಿಗೆ ಅಕ್ಕಿ ಬೆಲ್ಲ ಹಾಕಿ, ಅದರ ಮೇಲೆ ಈ ಮರಿಯನ್ನೂ ಕೂರಿಸಿದ್ದಳು. ಬಿಳೀ ಪೊಮೇರಿಯನ್ ಎಂದು ನಾವು ಹೇಳಿಕೊಳ್ಳುತ್ತೇವೆ, ನೋಡಿದವರು ನಂಬುವುದಿಲ್ಲ. ಒಂದು ಸೊಪ್ಪಿನ ಬುಟ್ಟಿಯಲ್ಲಿ ಹಿಡಿಯುವಷ್ಟೇ ದೇಹ. ಗಂಡು ಯಾರೆಂದೂ ಗೊತ್ತು: ನಮ್ಮ ಬೀದಿಯ ಬೇಕರಿ ಮುಂದೆ ಮಲಗುವ ಕಂದು ನಾಯಿ, ಇದರ ಎರಡರಷ್ಟು ಎತ್ತರ.

ನನ್ನ ಗಂಡ ಒಳ್ಳೆಯವರು. ನರಸೀಪುರದ ಮನೆಯ ಸಾಮಾನಿನ ಕೋಣೆ ಖಾಲಿ ಮಾಡಿ, ವಾಷಿಂಗ್ ಮಿಷನ್ ಬಂದಿದ್ದ ರಟ್ಟಿನ ಡಬ್ಬದ ಒಂದು ಮಗ್ಗುಲನ್ನು ಅರ್ಧಕ್ಕೆ ಕತ್ತರಿಸಿ, ಒಳಗೆ ಪೇಪರ್ ಹಾಸಿ, ಎಲ್ಲ ರೆಡಿ ಮಾಡಿದ್ದರು. "ಇಲ್ಲೇ ಆಗ್ಲಿ ಬಿಡು. ಇಷ್ಟು ತುಂಬಿದ ಹೊಟ್ಟೇಲಿ ಅಲ್ಲಿಗ್ಯಾಕೆ?" ಎಂದರು. ನಾನು ಕೇಳಬೇಕಲ್ಲ! ಗುರುವಾರ ಬೆಳಿಗ್ಗೆ ನಾಯಿಯನ್ನು ಬುಟ್ಟಿಗಿಳಿಸಿ, ಮೇಲೊಂದು ಟವೆಲ್ ಹೊದಿಸಿ, ನಂಜನಗೂಡು ಬಸ್ ಹತ್ತಿದೆ.

ಕಂಡಕ್ಟರ್ ಬುಟ್ಟಿ ನೋಡಿ, "ನಾಯಿಗೂ ಟಿಕೆಟ್ ತಗೋಬೇಕು ಕಣಮ್ಮ," ಅಂದ.

"ಕೊಡಿ. ಹೊಟ್ಟೇಲಿರೋವಕ್ಕೂ ತಗೋಬೇಕಾ?" ಅಂದೆ. ಬಸ್ಸೆಲ್ಲ ನಕ್ಕಿತು. ಕಬಿನಿ ಪಕ್ಕದ ಆ ರಸ್ತೆಯ ಪ್ರತಿ ಹಳ್ಳಕ್ಕೂ ನಾಯಿ ಕುಂಯ್ ಅನ್ನುತ್ತಿತ್ತು. ನಾನು ಮಾತ್ರ ಅಣ್ಣನಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಕೂತಿದ್ದೆ.

ನಂಜನಗೂಡಿನ ಮನೆಯಲ್ಲಿ ಬಚ್ಚಲಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆಯಿದೆ. ಹಂಡೆ ಒಲೆಯ ಕಾವು ಗೋಡೆಗೆ ತಾಗುತ್ತಿದ್ದುದರಿಂದ ಅದು ಬಾಣಂತಿ ಕೋಣೆ. ಅವ್ವ ನಮ್ಮಿಬ್ಬರನ್ನೂ ಹೆತ್ತದ್ದು ಅಲ್ಲಿ. ನನ್ನ ಮಗಳನ್ನು ಆಸ್ಪತ್ರೆಯಿಂದ ತಂದು ಮೂರು ತಿಂಗಳು ಬೆಚ್ಚಗಿಟ್ಟಿದ್ದೂ ಅಲ್ಲೇ. ಈಗ ಅದರಲ್ಲಿ ಕೆಟ್ಟ ಮೋಟಾರು, ಎರಡು ಸಿಮೆಂಟ್ ಮೂಟೆ, ಮುರಿದ ಕುರ್ಚಿ. ಸೀರೆ ಎತ್ತಿ ಸಿಕ್ಕಿಸಿ ಒಂದೊಂದನ್ನೇ ಎಳೆದು ಹಜಾರದಲ್ಲಿ ಸಾಲಾಗಿ ಇಟ್ಟೆ. ನೆಲ ತೊಳೆದೆ. ಕಿಟಕಿಗೆ ಹಳೇ ಪಂಚೆ ಕಟ್ಟಿದೆ. ಅಣ್ಣ ಫ್ಯಾಕ್ಟರಿಯಿಂದ ಬಂದವನು ಹಜಾರದ ಮೋಟಾರಿಗೆ ಎಡವಿದ.

"ಏನೇ ಇದು? ಒಳಗೆ ಪೂಜೆ ಮಾಡೋ ಮನೆ ಕಣೇ. ನಾಯಿ ಮರಿ ಹಾಕುದ್ರೆ ಮೈಲಿಗೆ ಅಲ್ವಾ? ಹಿತ್ಲಲ್ಲಿ ಶೀಟಿನ ಕೆಳಗೆ ಬಿಡು."

"ಅಣ್ಣಾ, ನಿನ್ನ ಕೊರಳಲ್ಲಿರೋದೇನು?" ಅಂದೆ. "ಹುಟ್ಟಿಗೂ ಸೂತಕ ಇಲ್ಲ, ಸಾವಿಗೂ ಸೂತಕ ಇಲ್ಲ ಅಂತ ಕಟ್ಟಿರೋ ಲಿಂಗ. ಅವ್ವ ನಿನ್ನ ಹೆತ್ತಾಗ ಇಲ್ದೇ ಇದ್ದ ಮೈಲಿಗೆ, ನಾಯಿ ಹೆತ್ರೆ ಎಲ್ಲಿಂದ ಬರುತ್ತೆ?"

ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. "ಸೋಮವಾರ ಆದ್ರೂ ನೆಟ್ಟಗೆ ಬಾ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಅರ್ಧ ಮನೆ ನನ್ನದು, ಆ ಅರ್ಧದಲ್ಲಿ ನಾನು ಯಾರನ್ನು ಬೇಕಾದರೂ ಬಾಣಂತಿ ಮಾಡುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಸೋಮವಾರಕ್ಕಿರಲಿ ಎಂದು ನುಂಗಿಕೊಂಡೆ.

ಇನ್ನು ಅತ್ತಿಗೆ. ಹುಲ್ಲಹಳ್ಳಿ ಕಡೆಯ ಹೆಣ್ಣುಮಗಳು, ಮಾತು ಕಮ್ಮಿ. ಇಪ್ಪತ್ತೆಂಟು ವರ್ಷದಿಂದ ನಮ್ಮಿಬ್ಬರ ನಡುವೆ ಕಾಫಿ ಆಯ್ತಾ, ತಿಂಡಿ ಆಯ್ತಾ ಎನ್ನುವುದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಗಂಡನ ಪಕ್ಷವೇ ಸೈ ಎಂದು ನಾನು ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಶುಕ್ರವಾರ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ಯಲು ಆಟೋ ಹತ್ತಿದರೆ, ಇವರೂ ಚಪ್ಪಲಿ ಮೆಟ್ಟಿಕೊಂಡು ಬಂದು ಪಕ್ಕದಲ್ಲಿ ಕೂತರು. ನಾನು ಕರೆದಿರಲಿಲ್ಲ.

ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿ ನನ್ನ ಕಡೆ ತಿರುಗಿದರು.

"ಕೊನೇ ವಾರದಲ್ಲಿ ಬಸ್ಸಲ್ಲಿ ಕುಲುಕಾಡಿಸ್ಕೊಂಡು ಬಂದಿದೀರಲ್ಲಮ್ಮ, ಏನ್ ಅರ್ಜೆಂಟ್ ಇತ್ತು ನಿಮ್ಗೆ? ಇಷ್ಟು ಚಿಕ್ಕ ನಾಯಿ. ಎರಡೇ ಮರಿ ಇರೋ ಹಾಗಿದೆ, ಎರಡೂ ದೊಡ್ಡವು. ತಿಣುಕೋಕೆ ಶುರು ಮಾಡಿ ಒಂದು ಗಂಟೆ ಆದ್ರೂ ಮರಿ ಬರ್ಲಿಲ್ಲ ಅಂದ್ರೆ ಕಾಯ್ಬೇಡಿ. ಮೈಸೂರಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸ್ಬೇಕು. ತಡ ಮಾಡಿದ್ರೆ ತಾಯೀನೂ ಉಳಿಯಲ್ಲ."

ಆಮೇಲೂ ಅವರು ಬಹಳ ಹೊತ್ತು ಏನೇನೋ ಹೇಳಿದರು. ನನಗೆ ಕೇಳಿಸಿದ್ದು ಉಳಿಯಲ್ಲ ಎನ್ನುವುದೊಂದೇ. ಅಣ್ಣನ ಮೇಲಿನ ಹಟಕ್ಕೆ ಬಾಯಿಲ್ಲದ ಜೀವವನ್ನು ಪಣಕ್ಕಿಟ್ಟಿದ್ದೆ. ಅದು ಸತ್ತರೆ ಕೊಂದವಳು ನಾನೇ. ಆಟೋದಲ್ಲಿ ಬರುವಾಗ ಪ್ರತಿ ಹಳ್ಳಕ್ಕೂ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಆದರೂ ಮನೆ ಮುಂದೆ ಇಳಿಯುವಾಗ ಅಣ್ಣನ ಸ್ಕೂಟರ್ ಕಂಡದ್ದೇ ಬೆನ್ನು ನೆಟ್ಟಗಾಯಿತು. ಸೋತ ಮುಖ ತೋರಿಸುವ ಜಾಯಮಾನ ನನ್ನದಲ್ಲ.

ಶನಿವಾರ ನಾನು ಇನ್ನೊಂದು ಘನಕಾರ್ಯ ಮಾಡಿದೆ. ಬಾಣಂತಿಯಾಗುವವಳಿಗೆ ಮೈಯಲ್ಲಿ ಕಸುವು ಬೇಕು, ಹಾಲು ಇಳಿಯಬೇಕು. ನನಗೆ ಅವ್ವ ಮಾಡಿದ್ದು ನೆನಪಿತ್ತು. ಒಂದು ಗೆಡ್ಡೆ ಬೆಳ್ಳುಳ್ಳಿ ಸುಲಿದು, ತುಪ್ಪದಲ್ಲಿ ಕೆಂಪಗೆ ಹುರಿದು, ಬಿಸಿ ಅನ್ನಕ್ಕೆ ಕಲಸಿ ತಟ್ಟೆಗೆ ಹಾಕಿದೆ. ನಾಯಿ ಬಾಯಿ ಹಾಕುವಷ್ಟರಲ್ಲಿ ಅತ್ತಿಗೆ ಓಡಿ ಬಂದು ತಟ್ಟೆ ಕಿತ್ತುಕೊಂಡರು.

"ಅಯ್ಯೋ ಶಿವನೇ, ಏನ್ ಮಾಡ್ತಿದ್ದೀರಿ? ಬೆಳ್ಳುಳ್ಳಿ, ಈರುಳ್ಳಿ, ದ್ರಾಕ್ಷಿ ಅತ್ರುಕ್ಕೂ ಸೇರುಸ್ಬ್ಯಾಡಿ, ನಾಯಿಗೆ ಇಸ ಅದು, ಅಂತ ಆವಮ್ಮ ಬಾಯ್ ಬಡ್ಕಂಡ್ರಲ್ಲ! ನೀವು ಅಲ್ಲೇ ಕೂತಿದ್ರಿ."

ಕೂತಿದ್ದೆ, ನಿಜ. ಮನೆತುಂಬ ಬಾಣಂತನ ನೋಡಿ ಬೆಳೆದ ಹೆಂಗಸು ನಾನು, ಬೆಳ್ಳುಳ್ಳಿ ವಿಷವಾಗಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಾಯಿ ಒಂದು ಅಗುಳೂ ತಿಂದಿರಲಿಲ್ಲ. "ತಿಳೀಲಿಲ್ಲ ಅತ್ತಿಗೆ, ತಪ್ಪಾಯ್ತು," ಅಂದೆ. ಆ ಮನೆಯಲ್ಲಿ ಆ ಎರಡು ಪದ ನನ್ನ ಬಾಯಿಂದ ಬಂದದ್ದು ಬಹುಶಃ ಅದೇ ಮೊದಲು. ಅವರು ಸುಮ್ಮನೆ ಎರಡು ತಟ್ಟೆ ತಂದು ಆ ಅನ್ನವನ್ನು ಹಂಚಿದರು. ಅಡುಗೆಮನೆಯಲ್ಲಿ ನಿಂತುಕೊಂಡೇ ಇಬ್ಬರೂ ತಿಂದೆವು.

ಸೋಮವಾರ ಬೆಳಿಗ್ಗೆ ನಾಯಿ ಏನನ್ನೂ ಮೂಸಲಿಲ್ಲ. ಹಾಸಿಗೆಯ ಸೀರೆಯನ್ನು ಉಗುರಿನಿಂದ ಕೆರೆದು ಕೆರೆದು ಗುಡ್ಡೆ ಹಾಕಿ, ಏದುಸಿರು ಬಿಡುತ್ತಿತ್ತು. ಜ್ವರದ ಕಡ್ಡಿ ಇಟ್ಟು ನೋಡಿದರೆ ಮೈಕಾವು ಇಳಿದಿದೆ. ಹೀಗಾದರೆ ಅವತ್ತೇ ಹೆರಿಗೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅತ್ತಿಗೆ ನೆನಪಿಟ್ಟುಕೊಂಡಿದ್ದರು. ಅಷ್ಟರಲ್ಲಿ ಅಣ್ಣ ಇಸ್ತ್ರಿ ಅಂಗಿ ಹಾಕಿ, ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಕೋಣೆಯ ಬಾಗಿಲಿಗೆ ಬಂದ.

"ಲಾಯರ್ರು ಹತ್ತೂವರೆಗೆ ರಿಜಿಸ್ಟ್ರಾರ್ ಆಫೀಸಿಗೆ ಬತ್ತಾರೆ. ಇವಳು ನೋಡ್ಕತಾಳೆ, ನೀನು ಹೊರಡು. ಅರ್ಧ ಗಂಟೆ."

"ಇದನ್ನ ಬಿಟ್ಟು ನಾನು ಹೊಸ್ತಿಲು ದಾಟಲ್ಲ."

"ನಾಯಿಗೋಸ್ಕರ ಕೆಲ್ಸ ಕೆಡಿಸ್ತೀಯಾ? ಊರೋರು ಕೇಳುದ್ರೆ ನಗ್ತಾರೆ ಕಣೇ."

"ನಗಲಿ. ನಗೋರಿಗೂ ಒಂದೊಂದು ಲೋಟ ಕಾಫಿ ಕೊಟ್ಟು ಕಳಿಸು."

ಅವನು ದುರುದುರು ನೋಡಿ, ಅಲ್ಲಿಂದಲೇ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಮನಸ್ಸು ಸರಿಮಾಡಿಕೋ ಎಂದು ಸ್ಕೂಟರ್ ಹತ್ತಿ ಹೋದ.

ಹತ್ತು ಗಂಟೆಗೆ ನಾಯಿ ತಿಣುಕಲು ಶುರು ಮಾಡಿತು. ನಾನು ಗೋಡೆಯ ಗಡಿಯಾರವನ್ನೇ ತಂದು ಎದುರಿಗಿಟ್ಟುಕೊಂಡೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಪುಟ್ಟ ಮೈ ಬಿಲ್ಲಿನಂತೆ ಬಾಗುತ್ತಿತ್ತು, ಏನೂ ಬರುತ್ತಿರಲಿಲ್ಲ. ಅತ್ತಿಗೆ ಎದುರು ಮನೆಯ ಕಾರಿನವರಿಗೆ ಹೇಳಿ ಬಂದರು, ಮೈಸೂರಿಗೆ ಹೋಗಬೇಕಾದರೆ ರೆಡಿಯಿರಲಿ ಎಂದು. ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ನಾನು ಕೇಳದೆಯೇ ಮಾತಾಡಿದರು.

"ನಂಗೂ ಇಂಗೇ ಒಂದಿನ ಬಾ ಅಂದ್ರು, ಉಲ್ಲಳ್ಳಿಗೆ. ಓದೆ. ಸೈನ್ ಆಕ್ದೆ. ಸೀರೆ ಕೊಟ್ರು. ಆಮ್ಯಾಲೆ ಮಗನ ಮದ್ವೆ ಕಾಗ್ದ ಕೊಡಕ್ಕೆ ಓದ್ರೆ, ನಮ್ಮಣ್ಣ ಜಗುಲಿ ಮ್ಯಾಲೇ ಕೂರ್ಸಿ ನೀರು ಕೊಟ್ಟು ಕಳ್ಸುದ್ರು. ಒಳೀಕ್ಕೆ ಬಾ ಅನ್ಲಿಲ್ಲ. ನಾನು ಉಟ್ಟಿದ್ ಮನೆ ಅದು."

ಅವರ ಕಣ್ಣಲ್ಲಿ ನೀರಿರಲಿಲ್ಲ. ನನಗೆ ಮಾತ್ರ ಕೆಟ್ಟ ಸಿಟ್ಟು ಬಂತು, ಆ ಕಾಣದ ಅಣ್ಣನ ಮೇಲೆ, ನನ್ನ ಮೇಲೂ. ಇಪ್ಪತ್ತೆಂಟು ವರ್ಷ ಈ ಹೆಂಗಸನ್ನು ಕಾಫಿ ಆಯ್ತಾ ಎಂದಷ್ಟೇ ಕೇಳಿದ್ದೆನಲ್ಲ.

ನಲವತ್ತೈದನೇ ನಿಮಿಷಕ್ಕೆ ನಾಯಿ ಕಿರುಚಿತು. ಎರಡು ಪುಟ್ಟ ಹಿಂಗಾಲು ಕಂಡವು, ಮತ್ತೆ ಮುಂದೆ ಬರಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಒದ್ದೆ ಬಟ್ಟೆಯಲ್ಲಿ ಹಿಡಿದು, ಅದು ತಿಣುಕಿದಾಗ ಮಾತ್ರ ಮೆಲ್ಲಗೆ ಕೆಳಮುಖವಾಗಿ ಎಳೆಯಿರಿ ಎಂದರು. ಸೂಜಿಗೆ ದಾರ ಪೋಣಿಸುವ ನನ್ನ ಕೈಗಳು ಆಗ ಪ್ರಯೋಜನಕ್ಕೆ ಬರಲಿಲ್ಲ. "ಸರೀರಿ," ಎಂದರು ಅತ್ತಿಗೆ. ನಾನು ನಾಯಿಯ ತಲೆ ಹಿಡಿದುಕೊಂಡೆ. ಮೂರನೇ ನೋವಿಗೆ ಮರಿ ಅವರ ಅಂಗೈಗೆ ಜಾರಿತು, ಕಂದು ಬಣ್ಣ, ಅಲುಗಾಟವಿಲ್ಲ. ಪೊರೆ ಹರಿದು, ಮೂಗು ಒರೆಸಿ, ಟವೆಲ್‌ನಲ್ಲಿ ಗಸಗಸ ಉಜ್ಜಿದರು. ನಾನು ಏನು ಕೂಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಚೀಂಯ್ ಎಂದಿತು. ತಾಯಿ ತಲೆಯೆತ್ತಿ ಅದನ್ನು ನೆಕ್ಕಲು ಶುರು ಮಾಡಿತು. ಅರ್ಧ ಗಂಟೆ ಬಿಟ್ಟು ಎರಡನೆಯದು, ಬಿಳೀದು, ಯಾರ ಸಹಾಯವೂ ಇಲ್ಲದೆ ಹೊರಬಂತು.

ಅಣ್ಣನ ಫೋನ್ ಬಂದದ್ದು ಆಗ. ನನ್ನ ಕೈಯೆಲ್ಲ ರಾಡಿಯಾಗಿತ್ತು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಫೋನ್ ಎತ್ತಿ, ಸ್ಪೀಕರ್‌ಗೆ ಹಾಕಿ, ನನ್ನ ಮುಖದ ಹತ್ತಿರ ಹಿಡಿದರು.

"ಲಾಯರ್ರು ಕಾಯ್ತಾವ್ರೆ. ಬತ್ತೀಯೋ ಇಲ್ವೋ?"

"ಬರಲ್ಲ ಅಣ್ಣ," ಅಂದೆ. "ಇವತ್ತೂ ಬರಲ್ಲ, ನಾಳೆನೂ ಬರಲ್ಲ. ನಾನು ಸೈನ್ ಹಾಕಲ್ಲ. ಕಟ್ಟೋದಾದ್ರೆ ಇಬ್ಬರ ಹೆಸರಲ್ಲೂ ಕಟ್ಟು. ಗಯ್ಯಾಳಿ ಅಂತೀಯೇನೋ, ಅನ್ನು. ಊರಿಗೆಲ್ಲ ಹೇಳು."

ಅವನು ಒಂದಷ್ಟು ಕೂಗಾಡಿದ. ನಾನು ಮರಿಗಳನ್ನು ತಾಯಿಯ ಮೊಲೆಗೆ ಹತ್ತಿಸುತ್ತಿದ್ದೆ. ಕೊನೆಗೆ ಅವನ ದನಿ ತಗ್ಗಿತು. ಫೋನ್ ಹಿಡಿದವರು ಯಾರೆಂದು ಊಹಿಸಿದನೇನೋ.

"ಲೇ, ನೀನಿದ್ದೀಯೇನೇ ಅಲ್ಲಿ? ಯಾವಾಗ ಹೋಗ್ತಾಳಂತೆ ಅವ್ಳು? ಕೇಳು."

ಅತ್ತಿಗೆ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಗಂಡನಿಗೆ ಅವರು ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅವ್ರ್ ಮನೆ ಇದು. ಯಾವಾಗ್ ಓಗ್ತೀರಿ ಅಂತ ನಾನ್ ಎಂಗ್ ಕೇಳ್ಲಿ?" ಎಂದರು. ಫೋನ್ ಕಟ್ ಮಾಡಿ ನನ್ನ ಪಕ್ಕದಲ್ಲಿಟ್ಟು, ಮಧ್ಯಾಹ್ನದ ಊಟಕ್ಕೆ ನನ್ನನ್ನೂ ಸೇರಿಸಿ ಅಕ್ಕಿ ಅಳೆಯಲು ಒಳಗೆ ಹೋದರು.